ಟರ್ಬೊ ಕಾರಿಗೆ ಎಷ್ಟು ಆಕ್ಟೇನ್ ಸಾಕು? ನಾನು ಲಾಗ್ ನೋಡಿ ಕಂಡುಕೊಂಡದ್ದು

ಟರ್ಬೊ ಕಾರು ಇಟ್ಟುಕೊಂಡವರು ಇಬ್ಬರು ಸೇರಿದರೆ ಮಾತು ಪೆಟ್ರೋಲಿಗೆ ಬಂದೇ ಬರುತ್ತದೆ. ಒಬ್ಬರು "98 ಹಾಕಿಸಿದ ಮೇಲೆ ಗಾಡಿ ಹಾರ್ತಾ ಇದೆ" ಅನ್ನುತ್ತಾರೆ. ಇನ್ನೊಬ್ಬರು "ಅದೆಲ್ಲ ಬರೀ ಜಾಹೀರಾತು, 95 ಸಾಕು ಸುಮ್ನಿರಿ" ಅನ್ನುತ್ತಾರೆ. ತಮ್ಮ ತಮ್ಮ ಕಾರಿನ ಮಟ್ಟಿಗೆ ಇಬ್ಬರೂ ಸರಿ ಇರಬಹುದು, ತಮಾಷೆ ಇರುವುದೇ ಅಲ್ಲಿ. ನನ್ನದು 2 ಲೀಟರ್, ನಾಲ್ಕು ಸಿಲಿಂಡರ್, ಡೈರೆಕ್ಟ್ ಇಂಜೆಕ್ಷನ್ (ಪೆಟ್ರೋಲನ್ನು ನೇರ ಸಿಲಿಂಡರಿಗೇ ಚಿಮ್ಮಿಸುವ) ಟರ್ಬೊ. ಪೆಟ್ರೋಲ್ ಮುಚ್ಚಳದ ಒಳಗೆ 98 ರಾನ್ (ಆಕ್ಟೇನ್ ಅಳೆಯುವ ಒಂದು ಬಗೆ) ಹಾಕಿ, ಕನಿಷ್ಠ 95 ಇರಲಿ ಅಂತ ಬರೆದಿದೆ. ನಡುವಿನ ಆ 3 ಅಂಕಕ್ಕೆ ದುಡ್ಡು ಕೊಡಬೇಕಾ ಬೇಡವಾ ಅನ್ನುವುದನ್ನು ಯಾರನ್ನೋ ಕೇಳುವ ಬದಲು ಇಂಜಿನ್ನನ್ನೇ ಕೇಳೋಣ ಅನ್ನಿಸಿತು. ಕೇಳುವ ದಾರಿ ಇದೆ, ಕಷ್ಟವೂ ಅಲ್ಲ.

ಮೊದಲು ಒಂದು ಮಾತು. ಆಕ್ಟೇನ್ ಅಂದರೆ ಪೆಟ್ರೋಲಿನ ಕಸುವಲ್ಲ. 98ರ ಒಂದು ಲೀಟರಿನಲ್ಲಿ 95ಕ್ಕಿಂತ ಜಾಸ್ತಿ ಶಕ್ತಿಯೇನೂ ತುಂಬಿರುವುದಿಲ್ಲ. ಪ್ಲಗ್ ಕಿಡಿ ಹಚ್ಚಿದ ಮೇಲೆ ಬೆಂಕಿ ಅಲ್ಲಿಂದ ಸುತ್ತಲೂ ಹರಡುತ್ತಾ ಹೋಗಬೇಕು. ಅದು ಬಂದು ಮುಟ್ಟುವ ಮೊದಲೇ, ಸಿಲಿಂಡರಿನ ಅಂಚಿನಲ್ಲಿ ಉಳಿದ ಮಿಶ್ರಣ ಒತ್ತಡ ಮತ್ತು ಬಿಸಿ ತಾಳಲಾರದೆ ಒಮ್ಮೆಲೇ ತಾನೇ ಹೊತ್ತಿಕೊಂಡರೆ ಅದು ನಾಕಿಂಗ್. ಹಾಗೆ ಹೊತ್ತಿಕೊಳ್ಳದೆ ಎಷ್ಟರ ಮಟ್ಟಿಗೆ ತಡೆದುಕೊಳ್ಳುತ್ತದೆ ಅನ್ನುವುದರ ಅಳತೆ ಆಕ್ಟೇನ್. ಐಸೊ-ಆಕ್ಟೇನ್ ಅನ್ನುವ ದ್ರವಕ್ಕೆ 100, ನಾರ್ಮಲ್ ಹೆಪ್ಟೇನ್‌ಗೆ 0 ಅಂತ ಇಟ್ಟುಕೊಂಡು, ಇವೆರಡರ ಯಾವ ಮಿಶ್ರಣದ ಹಾಗೆ ನಮ್ಮ ಪೆಟ್ರೋಲ್ ನಡೆದುಕೊಳ್ಳುತ್ತದೆ ಅಂತ ಒಂದು ಪರೀಕ್ಷೆಯ ಇಂಜಿನ್‌ನಲ್ಲಿ ನೋಡುತ್ತಾರೆ.

ಆ ಪರೀಕ್ಷೆಯಲ್ಲೂ ಎರಡು ಬಗೆ ಇದೆ, ಗೊಂದಲ ಶುರುವಾಗುವುದು ಇಲ್ಲೇ. ರಾನ್ ಅಳೆಯುವಾಗ ಇಂಜಿನ್ 600 ಆರ್‌ಪಿಎಂನಲ್ಲಿ ಓಡುತ್ತದೆ. ಮಾನ್ ಅಳೆಯುವಾಗ 900 ಆರ್‌ಪಿಎಂ, ಒಳಗೆ ಹೋಗುವ ಮಿಶ್ರಣವೂ ತುಂಬಾ ಬಿಸಿ. ಹಾಗಾಗಿ ಅದೇ ಪೆಟ್ರೋಲಿನ ಮಾನ್ ಅಂಕ ಸುಮಾರು 8ರಿಂದ 10 ಕಡಿಮೆ ಬರುತ್ತದೆ. ಅಮೆರಿಕದ ಪಂಪ್‌ಗಳಲ್ಲಿ ಇವೆರಡರ ಸರಾಸರಿ ಬರೆಯುತ್ತಾರೆ. ಅಲ್ಲಿನ 91 ಅಂದರೆ ಹೆಚ್ಚೂಕಡಿಮೆ 95 ರಾನ್, ಅಲ್ಲಿನ 93 ಅಂದರೆ ಸುಮಾರು 98. ಇದು ಗೊತ್ತಿಲ್ಲದೆ ಅಮೆರಿಕದವರ ವಿಡಿಯೊ ನೋಡಿ "ಇದೇ ಕಾರಿಗೆ ಅಲ್ಲಿ 91 ಸಾಕಂತೆ" ಅಂತ ನಂಬಿ 91 ರಾನ್ ಹಾಕಿಸುವವರು ಇದ್ದಾರೆ. ಅದು ಅಲ್ಲಿನ 87ಕ್ಕೆ ಹತ್ತಿರದ ಮಾಲು. ಟರ್ಬೊ ಕಾರಿಗೆ ಈ ಲೆಕ್ಕ ತಪ್ಪುವುದು ಸಣ್ಣ ವಿಷಯ ಅಲ್ಲ.

ಟರ್ಬೊ ಕಾರಿಗೇ ಯಾಕೆ ಇಷ್ಟು ತಲೆನೋವು ಅಂದರೆ, ಟರ್ಬೊ ಗಾಳಿಯನ್ನು ಒತ್ತಿ ತುಂಬುತ್ತದೆ, ಒತ್ತಿದ ಗಾಳಿ ಬಿಸಿಯಾಗುತ್ತದೆ. ನಾಕಿಂಗ್‌ಗೆ ಬೇಕಾದ ಎರಡೂ ಅಲ್ಲೇ ಸಿಕ್ಕಿತಲ್ಲ. ಆ ಗಾಳಿಯನ್ನು ತಣ್ಣಗಾಗಿಸುವ ಇಂಟರ್‌ಕೂಲರ್ ಇರುವುದು ಇದಕ್ಕೇ. ಹಳೇ ಕಾಲದಲ್ಲಿ ಇದನ್ನು ಹೇಗೆ ನಿಭಾಯಿಸಿದರು ಅನ್ನುವುದು ಒಳ್ಳೇ ಕಥೆ. 1962ರ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್‌ನಲ್ಲಿ ಕಂಪ್ರೆಷನ್ (ಸಿಲಿಂಡರಿನಲ್ಲಿ ಮಿಶ್ರಣವನ್ನು ಒತ್ತುವ ಪ್ರಮಾಣ) 10.25ಕ್ಕೆ 1 ಇಟ್ಟು, ಅದರ ಮೇಲೆ ಟರ್ಬೊ ಬೇರೆ ಕೂರಿಸಿದ್ದರು. ನಾಕಿಂಗ್ ತಡೆಯಲು ನೀರು ಮತ್ತು ಮೆಥನಾಲ್ ಬೆರೆಸಿದ ದ್ರವದ ಬೇರೆಯೇ ಒಂದು ತೊಟ್ಟಿ. ಮಾಲೀಕರು ಅದನ್ನು ತುಂಬಿಸುವುದನ್ನೇ ಮರೆಯುತ್ತಿದ್ದರು, ಕಾರು ಹೆಚ್ಚು ದಿನ ಬಾಳಲಿಲ್ಲ. ಇಪ್ಪತ್ತು ವರ್ಷ ಆದ ಮೇಲೆ, 1982ರ ಮಾಡೆಲ್‌ನಲ್ಲಿ, ಸಾಬ್ ಕಂಪನಿ ಇಂಜಿನ್ನಿಗೆ ಒಂದು ಕಿವಿ ಕೊಟ್ಟಿತು. ನಾಕ್ ಸೆನ್ಸರ್ ಕೇಳಿಸಿಕೊಂಡು ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) ತಗ್ಗಿಸುವ ವ್ಯವಸ್ಥೆ ಅದು. ಟ್ಯಾಂಕಿನಲ್ಲಿ ಯಾವ ಪೆಟ್ರೋಲ್ ಇದೆಯೋ ಅದಕ್ಕೆ ತಕ್ಕ ಹಾಗೆ ಕಾರೇ ಹೊಂದಿಕೊಳ್ಳುತ್ತಿತ್ತು. ಇವತ್ತಿನ ನಮ್ಮ ಕಾರುಗಳಲ್ಲೂ ಬ್ಲಾಕ್‌ಗೆ ಬೋಲ್ಟ್ ಹಾಕಿ ಕೂರಿಸಿದ ಆ ಸಣ್ಣ ಸೆನ್ಸರ್ ಇರುತ್ತದೆ. ನಾಕ್ ಕೇಳಿಸಿದ ಕೂಡಲೇ ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ಆ ಸಿಲಿಂಡರಿಗೆ ಕಿಡಿ ಕೊಡುವುದನ್ನು ತಡ ಮಾಡುತ್ತದೆ. ಅಷ್ಟಕ್ಕೂ ನಿಲ್ಲದಿದ್ದರೆ ಬೂಸ್ಟ್ ಇಳಿಸುತ್ತದೆ.

ಅಂದರೆ 95 ಹಾಕಿಸಿದರೆ ಇಂಜಿನ್ ಅಂದೇ ಒಡೆದುಹೋಗುವುದಿಲ್ಲ. ಸುಮ್ನೆ ತನ್ನ ಪಾಡಿಗೆ ಹಿಂದೆ ಸರಿಯುತ್ತದೆ, ನಮಗೆ ಹೇಳುವುದೂ ಇಲ್ಲ. ಎಷ್ಟು ಹಿಂದೆ ಸರಿಯುತ್ತಿದೆ ಅಂತ ನೋಡುವುದೇ ನನ್ನ ಕೆಲಸ ಆಗಿತ್ತು. ಕಿವಿಗೆ ಕೇಳಿಸುತ್ತದೆ ಅಂದುಕೊಳ್ಳಬೇಡಿ. ಸ್ಟೀರಿಯೊ ಹಾಕಿ, ಗಾಜು ಏರಿಸಿ, 5000 ಆರ್‌ಪಿಎಂನಲ್ಲಿ ಹೋಗುವಾಗ ಯಾವ ನಾಕಿಂಗೂ ಕೇಳಿಸುವುದಿಲ್ಲ.

ಓಡುವಾಗಿನ ಅಂಕಿಗಳ ದಾಖಲೆ, ಅಂದರೆ ಲಾಗ್, ಬರೆದುಕೊಳ್ಳಲು ಬೇಕಾದದ್ದು ಎರಡು: ದೋಷ ಪತ್ತೆಗೆ ಅಂತ ಕಾರಿನಲ್ಲಿರುವ ಒಬಿಡಿ ಪೋರ್ಟ್‌ಗೆ ಚುಚ್ಚುವ ಬ್ಲೂಟೂತ್ ಅಡಾಪ್ಟರ್ ಒಂದು, ಫೋನಿನಲ್ಲಿ ನಮ್ಮ ಕಾರಿನ ಕಂಪನಿಯ ಕೋಡ್‌ಗಳನ್ನು ಓದಬಲ್ಲ ಆ್ಯಪ್ ಒಂದು. ಈ ಎರಡನೆಯದು ಮುಖ್ಯ. ಸಾಮಾನ್ಯ ಆ್ಯಪ್‌ಗಳು ಒಟ್ಟು ಇಗ್ನಿಷನ್ ಟೈಮಿಂಗ್ (ಕಿಡಿ ಕೊಡುವ ಹೊತ್ತು), ಒಳಗೆ ಹೋಗುವ ಗಾಳಿಯ ಬಿಸಿ ಇಂಥವನ್ನು ತೋರಿಸುತ್ತವೆ, ಅಷ್ಟೇ. ನಮಗೆ ಬೇಕಾದದ್ದು ಪ್ರತಿ ಸಿಲಿಂಡರಿನ ಕಿಡಿಯನ್ನು ನಾಕ್ ಕಾರಣಕ್ಕೆ ಇಸಿಯು ಎಷ್ಟು ಡಿಗ್ರಿ ಹಿಂದಕ್ಕೆ ಎಳೆದಿದೆ, ಅಂದರೆ ತಡ ಮಾಡಿದೆ, ಅನ್ನುವ ಲೆಕ್ಕ. ಜೊತೆಗೆ ಬೂಸ್ಟ್, ಆರ್‌ಪಿಎಂ, ಲ್ಯಾಂಬ್ಡಾ (ಗಾಳಿ-ಪೆಟ್ರೋಲ್ ಪ್ರಮಾಣ, 1ಕ್ಕಿಂತ ಕಡಿಮೆ ಅಂದರೆ ಪೆಟ್ರೋಲ್ ಜಾಸ್ತಿ), ಗಾಳಿಯ ಬಿಸಿ. ಇದಕ್ಕಿಂತ ಜಾಸ್ತಿ ಆರಿಸಬೇಡಿ. ಆರಿಸಿದಷ್ಟೂ ಪ್ರತಿಯೊಂದನ್ನೂ ಓದುವ ವೇಗ ಕಡಿಮೆಯಾಗಿ, ನಾಕ್ ಆದ ಕ್ಷಣವೇ ತಪ್ಪಿಹೋಗುತ್ತದೆ.

ಟ್ಯಾಂಕ್ ರಿಸರ್ವ್‌ಗೆ ಬಂದ ಮೇಲೆ ಒಂದೇ ಗ್ರೇಡ್ ತುಂಬಿಸಿ, ತಕ್ಷಣ ಪರೀಕ್ಷೆ ಮಾಡದೆ ಅರ್ಧ ಟ್ಯಾಂಕ್ ಮುಗಿಯುವವರೆಗೆ ಮಾಮೂಲಿಯಾಗಿ ಓಡಿಸಿದೆ. ಇಸಿಯು ಹಳೇ ಪೆಟ್ರೋಲಿನ ನೆನಪು ಇಟ್ಟುಕೊಂಡಿರುತ್ತದೆ, ಹೊಸದಕ್ಕೆ ಒಗ್ಗಲು ಅದಕ್ಕೂ ಸಮಯ ಬೇಕು, ಅದೂ ಸ್ವಲ್ಪ ಜೋರಾಗಿ ಓಡಿಸಿದರೆ ಮಾತ್ರ ಕಲಿಯುತ್ತದೆ. ಬಂಕ್‌ನಿಂದ ಹೊರಗೆ ಬಂದ ಐದು ನಿಮಿಷಕ್ಕೆ "ಆಹಾ, ಏನ್ ಪಿಕಪ್" ಅನ್ನುವವರ ಮಾತು ನಾನು ನಂಬದಿರುವುದು ಇದಕ್ಕೇ. ಆಮೇಲೆ ಟ್ರ್ಯಾಕ್‌ನಲ್ಲಿ, ಮೂರನೇ ಗೇರ್‌ನಲ್ಲಿ, 2000 ಆರ್‌ಪಿಎಂನಿಂದ ಆಕ್ಸಿಲರೇಟರ್ ಪೂರ್ತಿ ಒತ್ತಿ 6000ದವರೆಗೆ. ಅದೇ ಜಾಗ, ಅದೇ ಗೇರ್, ಆದಷ್ಟೂ ಅದೇ ಹವಾಮಾನ.

95ರಲ್ಲಿ ಬಂದ ಲಾಗ್ ಈಗಲೂ ಫೋನಿನಲ್ಲಿದೆ. ಬೂಸ್ಟ್ ತುದಿ ಮುಟ್ಟುವ 3200ರ ಹತ್ತಿರ ಮೂರನೇ ಸಿಲಿಂಡರಿಗೆ 4.5 ಡಿಗ್ರಿ ಹಿಂದಕ್ಕೆ ಹೋಗಿದೆ, ಉಳಿದವಕ್ಕೆ 2ರಿಂದ 3. ಗಾಳಿಯ ಬಿಸಿ ಶುರುವಿನಲ್ಲಿ 38 ಡಿಗ್ರಿ ಸೆಲ್ಸಿಯಸ್ ಇದ್ದದ್ದು, ಬೆನ್ನುಬೆನ್ನಿಗೆ ಎಳೆದಾಗ 50 ದಾಟಿತು, ಆಗ ನಾಲ್ಕೂ ಸಿಲಿಂಡರ್ 4ರ ಆಚೀಚೆ. 5000ದ ಮೇಲೆ ಲ್ಯಾಂಬ್ಡಾ 0.80ಕ್ಕೆ ಇಳಿದಿದೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕಿಡಿ ತಡವಾದರೆ ಉರಿ ಮುಗಿಯುವುದೂ ತಡ, ಆ ಬಿಸಿ ಪಿಸ್ಟನ್ ತಳ್ಳುವ ಬದಲು ಎಕ್ಸಾಸ್ಟ್ ಕಡೆಗೆ ಹೋಗುತ್ತದೆ. ಟರ್ಬೈನ್ ಮತ್ತು ಕ್ಯಾಟಲಿಸ್ಟ್ ಸುಡದಿರಲಿ ಅಂತ ಇಸಿಯು ಬೇಕಿದ್ದಕ್ಕಿಂತ ಜಾಸ್ತಿ ಪೆಟ್ರೋಲ್ ಸುರಿದು ತಣ್ಣಗಿಡುತ್ತದೆ. ಅಂದರೆ ಶಕ್ತಿಯೂ ಹೋಯಿತು, ಕುಡಿಯುವುದೂ ಜಾಸ್ತಿ ಆಯಿತು. 95ರಲ್ಲಿ ಉಳಿಸಿದ ದುಡ್ಡು ಜೋರಾಗಿ ಓಡಿಸುವವರ ಜೇಬಿನಲ್ಲಿ ಪೂರ್ತಿ ಉಳಿಯುವುದಿಲ್ಲ.

98ರಲ್ಲಿ ಅದೇ ಜಾಗದಲ್ಲಿ ಮೂರನೇ ಸಿಲಿಂಡರಿಗೆ 1 ಡಿಗ್ರಿ, ಉಳಿದವಕ್ಕೆ ಸೊನ್ನೆ. ಲ್ಯಾಂಬ್ಡಾ 0.86ರಲ್ಲಿ ನಿಂತಿತು. ಗಾಳಿ 50 ಡಿಗ್ರಿ ದಾಟಿದಾಗಲೂ 2ರ ಮೇಲೆ ಹೋಗಲಿಲ್ಲ. 100 ಸಿಕ್ಕಾಗ ಅದನ್ನೂ ಹಾಕಿ ನೋಡಿದೆ. ಆ ಒಂದು ಡಿಗ್ರಿಯೂ ಸೊನ್ನೆಯಾಯಿತು, ಅದು ಬಿಟ್ಟರೆ ಏನೂ ಬದಲಾಗಲಿಲ್ಲ. ಕಂಪನಿಯ ಮ್ಯಾಪ್‌ನಲ್ಲಿ (ಕಿಡಿ, ಬೂಸ್ಟ್ ಎಷ್ಟಿರಬೇಕು ಅಂತ ಇಸಿಯುವಿನಲ್ಲಿ ಬರೆದಿಟ್ಟ ಲೆಕ್ಕ) ಟೈಮಿಂಗ್‌ಗೆ ಒಂದು ಮೇಲ್ಮಿತಿ ಇರುತ್ತದೆ, ಅದನ್ನು ಮುಟ್ಟಿದ ಮೇಲೆ ಎಷ್ಟು ಆಕ್ಟೇನ್ ಸುರಿದರೂ ಇಸಿಯು ಅದರ ಲಾಭ ತೆಗೆದುಕೊಳ್ಳುವುದಿಲ್ಲ. ಹಾಗಾಗಿ ನನ್ನ ಲೆಕ್ಕ ಸರಳ: ಬಿಸಿ ದಿನದಲ್ಲಿ, ಪೂರ್ತಿ ಲೋಡ್‌ನಲ್ಲಿ, ಈ ಡಿಗ್ರಿಗಳು ಸೊನ್ನೆಯ ಹತ್ತಿರ ನಿಲ್ಲುವ ಅತಿ ಕಡಿಮೆ ಗ್ರೇಡ್ ಯಾವುದೋ ಅದೇ ನನ್ನ ಗ್ರೇಡ್. ಅದರ ಮೇಲಿನದಕ್ಕೆ ಕೊಡುವ ದುಡ್ಡು ದಂಡ.

ಇನ್ನೊಂದು ಲಾಗ್ ಇದೆ, ಟ್ರಾಫಿಕ್‌ನಲ್ಲಿ, ನಿಧಾನವಾಗಿ ಓಡಿಸಿದ್ದು. ಅದರಲ್ಲಿ 95ಕ್ಕೂ 98ಕ್ಕೂ ಒಂದು ಕೂದಲೆಳೆ ವ್ಯತ್ಯಾಸ ಇಲ್ಲ. ಬೂಸ್ಟೇ ಬರದಿದ್ದಾಗ ನಾಕ್ ಎಲ್ಲಿಂದ ಬರಬೇಕು? ವಾರವಿಡೀ ಆಫೀಸಿಗೆ ಮಾತ್ರ ಹೋಗಿಬರುವ ಕಾರು, ಮುಚ್ಚಳದಲ್ಲಿ 95 ನಡೆಯುತ್ತದೆ ಅಂತ ಬರೆದಿದೆ ಅಂದರೆ 95 ಹಾಕಿಸಿ, ಧೈರ್ಯವಾಗಿ. ಆದರೆ 98 ಕಡ್ಡಾಯ ಅಂತ ಬರೆದಿರುವ ಕಾರುಗಳಿವೆ, ಅವುಗಳ ಜೊತೆ ಈ ಆಟ ಬೇಡ. ನಾಕ್ ಸೆನ್ಸರ್ ಕೆಲಸ ಮಾಡುವುದು ನಾಕ್ ಆದ ಮೇಲೆ, ಮೊದಲಲ್ಲ.

ಲಾಗ್ ಓದುವಾಗ ಒಂದು ಎಚ್ಚರ. ಸೆನ್ಸರ್ ಕೇಳಿಸಿಕೊಳ್ಳುವುದು ಸದ್ದನ್ನು, ಬಹುತೇಕ ಕಾರು ಇಂಜಿನ್‌ಗಳಲ್ಲಿ 6ರಿಂದ 7 ಕಿಲೊಹರ್ಟ್ಸ್ ಆಸುಪಾಸಿನದು. ನನ್ನ ಕಾರಿನಲ್ಲಿ ಒಮ್ಮೆ 98 ಇದ್ದಾಗಲೂ ಸರಿಯಾಗಿ 2700ರಲ್ಲಿ ಮಾತ್ರ ಕಿಡಿ ಹಿಂದಕ್ಕೆ ಹೋಗುತ್ತಿತ್ತು, ಅರ್ಧ ಆಕ್ಸಿಲರೇಟರ್‌ನಲ್ಲೂ ಹೋಗುತ್ತಿತ್ತು. ಪೆಟ್ರೋಲಿನ ನಾಕ್ ಹಾಗೆ ಒಂದೇ ಆರ್‌ಪಿಎಂಗೆ ಅಂಟಿಕೊಂಡಿರುವುದಿಲ್ಲ, ಲೋಡ್ ಮತ್ತು ಬಿಸಿ ಏರಿದ ಹಾಗೆ ಅದೂ ಏರುತ್ತದೆ. ಕಾರನ್ನು ಮೇಲೆತ್ತಿ ನೋಡಿದರೆ ಎಕ್ಸಾಸ್ಟ್‌ನ ಡೌನ್‌ಪೈಪ್ ಮೇಲಿನ ಹೀಟ್ ಶೀಲ್ಡ್‌ನ ಬೋಲ್ಟ್ ಸಡಿಲ, ಅದರ ಸದ್ದನ್ನೇ ಸೆನ್ಸರ್ ನಾಕ್ ಅಂದುಕೊಂಡಿತ್ತು. ಬಿಗಿ ಮಾಡಿದ ಮೇಲೆ ಲಾಗ್ ಸಮತಟ್ಟು.

ಪ್ಲಗ್ ಬಿಚ್ಚಿದಾಗಲೆಲ್ಲ ಭೂತಗನ್ನಡಿ ಹಿಡಿದು ಅದರ ಬಿಳಿ ಪಿಂಗಾಣಿ ನೋಡುವ ಚಟ ನನಗಿದೆ. ಕಾಳುಮೆಣಸಿನ ಪುಡಿ ಉದುರಿಸಿದ ಹಾಗೆ ಕಪ್ಪು ಚುಕ್ಕಿ ಇದ್ದರೆ ನಾಕ್ ಆಗಿದೆ ಅಂತ ಅನುಮಾನ ಪಡಬೇಕು. ಅದರ ನಡುವೆ ಬೆಳ್ಳಗೆ ಮಿನುಗುವ ಸಣ್ಣ ಗುಂಡುಗಳು ಕಂಡರೆ ಅನುಮಾನಕ್ಕೂ ಜಾಗ ಇಲ್ಲ, ಅದು ಪಿಸ್ಟನ್ನಿನ ಅಲ್ಯುಮಿನಿಯಂ.

ಬೆರೆಸುವ ವಿಷಯ ಪದೇ ಪದೇ ಕೇಳುತ್ತಾರೆ. ಬೆರೆಸಬಹುದು. ಅರ್ಧ 95, ಅರ್ಧ 98 ಅಂದರೆ ಸುಮಾರು 96.5, ಅಷ್ಟು ಸುಲಭದ ಲೆಕ್ಕ. ಎಥನಾಲ್ ಬೆರೆತಿದ್ದರೆ ಮಾತ್ರ ಲೆಕ್ಕ ಬೇರೆ. ಎಥನಾಲ್‌ನ ರಾನ್ 108ರ ಮೇಲಿದೆ, ಆವಿಯಾಗುವಾಗ ಸಿಲಿಂಡರಿನ ಬಿಸಿಯನ್ನು ಜೋರಾಗಿ ಹೀರುತ್ತದೆ, ಟರ್ಬೊಗೆ ಹೇಳಿ ಮಾಡಿಸಿದ ಗುಣ. ಆದರೆ ಲೀಟರಿಗೆ ಲೀಟರ್ ಹೋಲಿಸಿದರೆ ಶಕ್ತಿ ಮೂರನೇ ಒಂದು ಪಾಲು ಕಡಿಮೆ, ಪೂರ್ತಿ ಉರಿಯಲು ಪೆಟ್ರೋಲಿಗೆ 14.7 ಪಾಲು ಗಾಳಿ ಬೇಕಾದರೆ ಇದಕ್ಕೆ 9 ಸಾಕು. ಆದ್ದರಿಂದ ಪಂಪ್ ಮತ್ತು ಇಂಜೆಕ್ಟರ್‌ಗಳು ಜಾಸ್ತಿ ಸುರಿಯಬೇಕಾಗುತ್ತದೆ. ಕಂಪನಿ ಎಷ್ಟು ಪ್ರಮಾಣಕ್ಕೆ ಒಪ್ಪಿದೆಯೋ ಅದರ ಮೇಲೆ ಹೋಗಬೇಕಾದರೆ ಅದಕ್ಕೆ ತಕ್ಕ ಮ್ಯಾಪ್ ಮತ್ತು ಸಾಮಾನು ಎರಡೂ ಬೇಕು.

ಆಕ್ಟೇನ್ ಬೂಸ್ಟರ್ ಬಾಟಲಿಗಳು ನನಗೆ ಇಷ್ಟವಿಲ್ಲ. "30 ಪಾಯಿಂಟ್ ಏರಿಕೆ" ಅಂತ ಬರೆದಿರುತ್ತಾರೆ. ಹಾಗೆ ಬರೆದಿರುವ ಕಡೆ ಒಂದು ಪಾಯಿಂಟ್ ಅಂದರೆ ಸಾಮಾನ್ಯವಾಗಿ 0.1 ಅಂಕ. ಅಲ್ಲಿಗೆ 95 ಇದ್ದದ್ದು 98 ಆಯಿತು, ಅದೂ ಹೇಳಿದ ಪ್ರಮಾಣದಲ್ಲೇ ಸುರಿದರೆ. ಅದರ ಬದಲು ಬಂಕ್‌ನಲ್ಲೇ 98 ಹಾಕಿಸಬಹುದಿತ್ತು, ಅಲ್ವಾ? ಕೆಲವದರಲ್ಲಿ ಮ್ಯಾಂಗನೀಸ್ ಇರುವ ಎಂಎಂಟಿ ಇರುತ್ತದೆ. ಅದು ಪ್ಲಗ್ ಮೇಲೆ ಕಿತ್ತಳೆ ಬಣ್ಣದ ಲೇಪ ಬಿಡುತ್ತದೆ.

ಆಕ್ಟೇನ್‌ನಿಂದ ವಾಸಿಯಾಗದ ಒಂದು ರೋಗವೂ ಇದೆ. ಎತ್ತರದ ಗೇರ್‌ನಲ್ಲಿ, 1500ರ ಆಸುಪಾಸಿನಲ್ಲಿ, ಆಕ್ಸಿಲರೇಟರ್ ಪೂರ್ತಿ ತುಳಿದರೆ ಡೈರೆಕ್ಟ್ ಇಂಜೆಕ್ಷನ್ ಟರ್ಬೊಗಳಲ್ಲಿ ಕಿಡಿಗೂ ಮೊದಲೇ ಮಿಶ್ರಣ ಹೊತ್ತಿಕೊಳ್ಳಬಹುದು. ಸಿಲಿಂಡರಿಗೆ ಸಿಡಿದು ಬರುವ ಇಂಜಿನ್ ಆಯಿಲ್ ಹನಿಗಳ ಪಾತ್ರ ಅದರಲ್ಲಿ ದೊಡ್ಡದು. ಟೈಮಿಂಗ್ ಹಿಂದೆ ಎಳೆದು ಅದನ್ನು ತಡೆಯಲಾಗದು, ಕಿಡಿಯೇ ಇನ್ನೂ ಬಂದಿರುವುದಿಲ್ಲವಲ್ಲ. ಒಂದೇ ಏಟಿಗೆ ಪಿಸ್ಟನ್ನಿನಲ್ಲಿ ರಿಂಗ್‌ಗಳ ನಡುವಿನ ಭಾಗ ಮುರಿದ ಉದಾಹರಣೆಗಳಿವೆ. ಇದಕ್ಕೆ ಮದ್ದು ಎರಡು. ಒಂದು, ಎಪಿಐ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆ) ಗೊತ್ತುಮಾಡಿದ ಎಸ್‌ಪಿ ದರ್ಜೆಯ ಆಯಿಲ್, 2020ರಲ್ಲಿ ಬಂದ ಈ ದರ್ಜೆಗೆ ಇದರದೇ ಪರೀಕ್ಷೆ ಇದೆ. ಇನ್ನೊಂದು, ಗೇರ್ ಇಳಿಸುವ ಅಭ್ಯಾಸ.

ಮ್ಯಾಪ್ ಬದಲಿಸಿದ ಕಾರಿಗೆ ಮೇಲೆ ಹೇಳಿದ ಆಯ್ಕೆಯೇ ಇಲ್ಲ. ಟ್ಯೂನರ್ 98ಕ್ಕೆ ಬರೆದಿದ್ದರೆ 98ಏ. ಕಂಪನಿ ಇಟ್ಟುಕೊಂಡಿದ್ದ ಅಂತರವನ್ನೆಲ್ಲ ಅವರು ಶಕ್ತಿಗೆ ಬಳಸಿರುತ್ತಾರೆ. ನಾನು ಟ್ಯೂನ್ ಮಾಡಿಸುವಾಗ ಬರೀ ಹಾರ್ಸ್‌ಪವರ್ ಚೀಟಿ ಒಪ್ಪಲಿಲ್ಲ, ಬಿಸಿಲು ಹೊತ್ತಿನ ನಾಕ್ ಲಾಗ್ ಕೇಳಿ ತೆಗೆದುಕೊಂಡೆ. ಜೊತೆಗೆ 95ಕ್ಕೆ ಅಂತ ಇನ್ನೊಂದು ಮ್ಯಾಪ್ ಮಾಡಿಸಿ ಇಟ್ಟುಕೊಂಡಿದ್ದೇನೆ.

ದೂರದ ದಾರಿಯಲ್ಲಿ 98 ಸಿಗದೆ ಹೋದರೆ ಆ ಮ್ಯಾಪ್‌ಗೆ ಬದಲಿಸಿ 95 ಹಾಕಿಸುತ್ತೇನೆ. ಮ್ಯಾಪ್ ಇಲ್ಲದಿದ್ದಾಗ, ಕಂಪನಿಯ ಟ್ಯೂನ್‌ನಲ್ಲೇ ಇದ್ದ ದಿನಗಳಲ್ಲಿ, ಅರ್ಧ ಟ್ಯಾಂಕ್ ಮಾತ್ರ ತುಂಬಿಸಿಕೊಂಡು ಆಕ್ಸಿಲರೇಟರ್ ಅರ್ಧಕ್ಕಿಂತ ಕೆಳಗೆ ಇಟ್ಟು, ಏರು ದಾರಿಯಲ್ಲಿ ಒಂದು ಗೇರ್ ಕಡಿಮೆ ಹಾಕಿ ಓಡಿಸುತ್ತಿದ್ದೆ. 98 ಸಿಕ್ಕ ಮೊದಲ ಬಂಕ್‌ನಲ್ಲಿ ಉಳಿದ ಜಾಗ ತುಂಬಿಸಿ, ಆ ಟ್ಯಾಂಕ್ ಮುಗಿಯುವವರೆಗೆ ಪೂರ್ತಿ ಬೂಸ್ಟ್ ಮುಟ್ಟುತ್ತಿರಲಿಲ್ಲ.