ಎಸ್‌ಪಿಎಲ್‌ಗೆ ಎಸ್‌ಡಿ ಕಾರ್ಡ್ ಕಾಣಿಸದಿದ್ದಾಗ

ನನ್ನ ಬೋರ್ಡ್ ಎಸ್‌ಡಿ ಕಾರ್ಡಿನಿಂದ ಬೂಟ್ ಆಗುತ್ತಿರಲಿಲ್ಲ. ಎರಡು ದಿನ ಸೀರಿಯಲ್ ಕನ್ಸೋಲ್ (ಬೋರ್ಡ್ ಕಳಿಸುವ ಸಂದೇಶಗಳು ಕಾಣುವ ಕಿಟಕಿ) ಬಿಟ್ಟು ಕದಲಿರಲಿಲ್ಲ. ಆಪರೇಟಿಂಗ್ ಸಿಸ್ಟಮ್ ಅನ್ನು ಶುರುಮಾಡಿಸುವ ಯು-ಬೂಟ್ ಎಂಬ ಪ್ರೋಗ್ರಾಮ್‌ನ ಪುಟ್ಟ ಮೊದಲ ಹಂತವಾದ ಎಸ್‌ಪಿಎಲ್ ಶುರುವಾಗುತ್ತಿತ್ತು, ಆಮೇಲೆ ಎಂಎಂಸಿ (ಎಸ್‌ಡಿ ಕಾರ್ಡ್ ಓದುವ ಸಾಧನ) ಸಿಗಲಿಲ್ಲ, ಎರರ್ -19 ಎಂದು ನಿಂತುಬಿಡುತ್ತಿತ್ತು. -19 ಅಂದರೆ ಅಂಥ ಸಾಧನವೇ ಇಲ್ಲ ಎಂದರ್ಥ. ಆದರೆ ಚಿಪ್‌ನೊಳಗಿನ ಬೂಟ್ ಕೋಡ್ ಎಸ್‌ಪಿಎಲ್ ಅನ್ನು ಓದಿದ್ದು ಅದೇ ಕಾರ್ಡಿನಿಂದ! ಹಾಗಾಗಿ ಹಾರ್ಡ್‌ವೇರ್ ಮೇಲೆ ಅನುಮಾನ ಬರಲಿಲ್ಲ.

ಬಿಲ್ಡ್‌ನ ಆಯ್ಕೆಪಟ್ಟಿಯಾದ ಮೆನುಕಾನ್ಫಿಗ್‌ನಲ್ಲಿ ಎಂಎಂಸಿ ಡ್ರೈವರ್ ಆನ್ ಇತ್ತು. ಎಸ್‌ಪಿಎಲ್‌ಗೆ ಬೇರೆಯೇ ಆಯ್ಕೆ ಇರುತ್ತದೆ (ಇದನ್ನು ಮರೆಯುವವರೇ ಹೆಚ್ಚು), ಅದೂ ಆನ್ ಇತ್ತು.

ಕೊನೆಗೆ ಎಸ್‌ಪಿಎಲ್‌ನ ಡಿಟಿಬಿ ಫೈಲನ್ನು (ಬೋರ್ಡ್‌ನಲ್ಲಿ ಯಾವ ಹಾರ್ಡ್‌ವೇರ್ ಇದೆ ಎಂದು ಹೇಳುವ ಫೈಲು; ಅದರಲ್ಲಿ ಒಂದೊಂದು ಸಾಧನದ ವಿವರವೂ ಒಂದು ನೋಡ್) ಡಿಟಿಸಿ ಎಂಬ ಟೂಲ್‌ನಿಂದ ಬಿಚ್ಚಿ ನೋಡಿದೆ. ಎಂಎಂಸಿ ನೋಡ್ ಅದರಲ್ಲಿ ಇರಲೇ ಇಲ್ಲ! ಎಸ್‌ಪಿಎಲ್‌ಗೆ ಸಿಗುವ ಮೆಮೊರಿ ತೀರಾ ಕಡಿಮೆ. ಅದಕ್ಕೇ ಬಿಲ್ಡ್ ಸಮಯದಲ್ಲಿ ಎಫ್‌ಡಿಟಿಗ್ರೆಪ್ ಎಂಬ ಟೂಲ್, ಗುರುತು ಹಾಕದ ನೋಡ್‌ಗಳನ್ನೆಲ್ಲ ಕಿತ್ತುಹಾಕುತ್ತದೆ. ನೋಡ್ ಇಲ್ಲದಿದ್ದರೆ ಡ್ರೈವರ್ ಇದ್ದೂ ಇಲ್ಲದಂತೆ.

ಡಿಟಿಬಿಗೆ ಮೂಲವಾದ, ಬೋರ್ಡ್‌ನ ಯು-ಬೂಟ್ ಡಿಟಿಎಸ್‌ಐ ಫೈಲಿನಲ್ಲಿ ಎಂಎಂಸಿ ನೋಡ್‌ಗೆ 'ಬೂಟ್‌ಪಿಎಚ್-ಆಲ್' ಎಂಬ ಗುರುತು ಸೇರಿಸಿದೆ. ಎರರ್ ಬದಲಾಯಿತು, ಬೂಟ್ ಆಗಲಿಲ್ಲ. ಎಂಎಂಸಿ ನೋಡ್ ನೆಚ್ಚಿಕೊಂಡಿದ್ದ ಕ್ಲಾಕ್ ಮತ್ತು ಪಿನ್ ನೋಡ್‌ಗಳಿಗೂ ಅದೇ ಗುರುತು ಬೇಕಿತ್ತು. ಅವನ್ನೂ ಸೇರಿಸಿ ಬಿಲ್ಡ್ ಮಾಡಿದೆ. ಯು-ಬೂಟ್ ಪ್ರಾಂಪ್ಟ್ ಬಂತು. ಕುರ್ಚಿಯಿಂದ ಎದ್ದೇ ನಿಂತೆ.