ಮಣೆ ಮೇಲೆ ಕೂತು ಕಲಿತ ಅನಾಟಮಿ

ಫಿಸಿಯೋಥೆರಪಿ ಓದುವಾಗ ಪೆಲ್ವಿಕ್ ಫ್ಲೋರ್, ಅಂದರೆ ಸೊಂಟದ ತಳದ ಸ್ನಾಯುಗಳ ಪಾಠವನ್ನು ಬಾಯಿಪಾಠ ಮಾಡಿ ಪಾಸಾದವಳು ನಾನು. ಅಲ್ಲಿನ ಮುಖ್ಯ ಸ್ನಾಯು ಲೆವೇಟರ್ ಆನೈ, ಅದರ ಮೂರು ಭಾಗ, ಬೆನ್ನುಹುರಿಯ ಕೆಳಭಾಗದಿಂದ ಬರುವ ಪುಡೆಂಡಲ್ ನರ, ಎಲ್ಲ ಸರಾಗ. ಮಗಳು ಹುಟ್ಟಿ ಕೆಲವು ತಿಂಗಳಾದ ಮೇಲೆ ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಒಂದು ಸಲ ಸೀನಿದೆ. ಮೂತ್ರ ಸೋರಿ ಬಟ್ಟೆ ಒದ್ದೆಯಾಯಿತು. ಮನೆಗೆ ಬಂದು ಹಳೇ ಪುಸ್ತಕ ತೆಗೆದೆ.

ಚಿತ್ರ ನೋಡಿ ಏನೂ ಹೊಳೆಯಲಿಲ್ಲ. ಅಡುಗೆಮನೆಯ ಮಣೆ ಮೇಲೆ ಕೂತೆ. ಕೆಳಗೆ ಎರಡು ಮೂಳೆ ಒತ್ತಿದವು. ಮುಂದೆ ಕಿಬ್ಬೊಟ್ಟೆಯ ಕೆಳಗೆ ಒಂದು ಗಟ್ಟಿ ಮೂಳೆ, ಹಿಂದೆ ಬಾಲದ ಮೂಳೆ. ನಾಲ್ಕನ್ನೂ ಸೇರಿಸಿದರೆ ಗಾಳಿಪಟ! ಕೂರುವ ಮೂಳೆಗಳ ನಡುವೆ ಅಡ್ಡಗೆರೆ ಎಳೆದರೆ ಎರಡು ತ್ರಿಕೋನ. ಮುಂದಿನದರಲ್ಲಿ ಮೂತ್ರದ ದಾರಿ, ಯೋನಿ. ಹಿಂದಿನದರಲ್ಲಿ ಗುದ. ನಡುವಿನ ಗಂಟೇ ಪೆರಿನಿಯಲ್ ಬಾಡಿ, ಹಲವು ಸ್ನಾಯುಗಳು ಬಂದು ಸೇರುವ ಜಾಗ. ಹೆರಿಗೆಯಲ್ಲಿ ಹರಿದು ಹೊಲಿಗೆ ಬೀಳುವುದು ಹೆಚ್ಚಾಗಿ ಇಲ್ಲೇ. ಇದರ ಮೇಲೆ, ಒಳಗಡೆ, ಜೋಲಿಯ ಹಾಗೆ ಲೆವೇಟರ್ ಆನೈ.

ಸರಿ, ಈ ಸ್ನಾಯುಗಳನ್ನು ಬಿಗಿ ಹಿಡಿದು ಬಿಡುವ ವ್ಯಾಯಾಮ ಶುರು ಮಾಡಿದೆ. ಎರಡು ವಾರ ಏನೂ ಆಗಲಿಲ್ಲ. ಗಂಟಿನ ಮೇಲೆ ಬೆರಳಿಟ್ಟು ನೋಡಿದಾಗ ಗೊತ್ತಾಯಿತು: ಅದು ಒಳಗೆ ಹೋಗಬೇಕಿತ್ತು, ನನ್ನದು ಬೆರಳನ್ನೇ ಹೊರಗೆ ತಳ್ಳುತ್ತಿತ್ತು. ಉಸಿರು ಹಿಡಿದು ತಿಣುಕುತ್ತಿದ್ದೆ! ಆಮೇಲೆ ಗಾಳಿ ಹೋಗದಂತೆ ತಡೆಯುವ ಹಾಗೆ ಮೇಲಕ್ಕೆ ಎಳೆದೆ, ಉಸಿರು ಆಡುತ್ತಲೇ. ಐದು ಸೆಕೆಂಡ್ ಹಿಡಿ, ಐದು ಸೆಕೆಂಡ್ ಪೂರ್ತಿ ಬಿಡು. ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಬಿಡುವುದನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ, ಆದರೆ ಅದೂ ಅಷ್ಟೇ ಮುಖ್ಯ. ಸೀನಿಗೆ ಹೆದರದ ಹಾಗಾಗಲು ಮೂರು ತಿಂಗಳು ಬೇಕಾಯಿತು.

ಈಗ ಚಿಕ್ಕಮಗಳೂರಿನ ಕಡೆ ಕಾಫಿ ತೋಟದ ಲೈನ್ ಮನೆಗಳಿಗೆ ಹೋಗುತ್ತೇನೆ. ನಾಲ್ಕು ಜನ ಹೆಂಗಸರ ಕೈಗೆ ಟವೆಲ್ಲಿನ ಮೂಲೆ ಕೊಟ್ಟು, ನಡುವೆ ಕಾಫಿ ಹಣ್ಣು ಸುರಿಯುತ್ತೇನೆ. ಬಟ್ಟೆ ಜೋತುಬೀಳುತ್ತದೆ. "ಎಳೀರಿ" ಅಂದರೆ ಹಣ್ಣು ಮೇಲೇಳುತ್ತದೆ. ಲೆವೇಟರ್ ಆನೈ ಎಂಬ ಹೆಸರೇ ಬೇಡ. "ಅಕ್ಕ, ಹೆತ್ತವರಿಗೆಲ್ಲ ಹೀಗೆ ಸೋರೋದು ಇದ್ದದ್ದೇ ಅಲ್ವಾ?" ಎಂದು ಒಬ್ಬಳು ಕೇಳಿದಳು. ಜಾಸ್ತಿ ಜನರಿಗೆ ಆಗುತ್ತದೆ, ಹಾಗಂತ ಸುಮ್ನೆ ಸಹಿಸಬೇಕಿಲ್ಲ ಎಂದೆ. ಮೂಟೆ ಎತ್ತುವ ಮೊದಲು, ಕೆಮ್ಮುವ ಮೊದಲು ಬಿಗಿ ಹಿಡಿಯಲು ಹೇಳಿಕೊಡುತ್ತೇನೆ.

ಮೊದಮೊದಲು ನಾನೂ "ಮೂತ್ರ ಮಾಡುವಾಗ ನಿಲ್ಲಿಸಿ ಅಭ್ಯಾಸ ಮಾಡಿ" ಎನ್ನುತ್ತಿದ್ದೆ. ತಪ್ಪು. ಸ್ನಾಯು ಯಾವುದೆಂದು ತಿಳಿಯಲು ಒಂದೆರಡು ಸಲ ಸಾಕು, ದಿನಾ ಮಾಡಿದರೆ ಮೂತ್ರಕೋಶ ಪೂರ್ತಿ ಖಾಲಿಯಾಗದೇ ಇರಬಹುದು. ಕೆಳಗೆ ಏನೋ ಇಳಿದ ಹಾಗಿದೆ ಎನ್ನುವವರಿಗೆ ಟವೆಲ್ ಆಟ ಆಡಿಸುವುದಿಲ್ಲ. ಮೊದಲು ಲೇಡಿ ಡಾಕ್ಟರ್ ಹತ್ತಿರ ಕಳಿಸುತ್ತೇನೆ.