ಕೋಡಿಂಗ್ ಬಳಗಕ್ಕೆ ಹೊಸಬರೇ? ಮೊದಲ ಪರಿಚಯ ಹೀಗೆ ಬರೆಯಿರಿ

ಪ್ರತಿ ವರ್ಷ ಫೆಬ್ರವರಿ ಕೊನೆಗೆ ಗೂಗಲ್ ಸಮ್ಮರ್ ಆಫ್ ಕೋಡ್‌ಗೆ (ಹೊಸಬರಿಗೆ ಭತ್ಯೆ ಕೊಟ್ಟು ಕೋಡ್ ಬರೆಸುವ ಗೂಗಲ್ ಕಾರ್ಯಕ್ರಮ) ಆಯ್ಕೆಯಾದ ಸಂಸ್ಥೆಗಳ ಪಟ್ಟಿ ಹೊರಬೀಳುತ್ತಿದ್ದಂತೆ, ಕೋಡ್ ಎಲ್ಲರಿಗೂ ತೆರೆದಿರುವ ಓಪನ್ ಸೋರ್ಸ್ ಯೋಜನೆಗಳ ಚಾಟ್ ಚಾನೆಲ್‌ಗಳಲ್ಲಿ ಹೊಸಬರ ಸಾಲು ಶುರುವಾಗುತ್ತದೆ. ‘ಹಲೋ, ನಾನು ಮೂರನೇ ವರ್ಷದ ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿ. ಪೈಥಾನ್, ಜಾವಾ, ರಿಯಾಕ್ಟ್ ಗೊತ್ತು. ಕೊಡುಗೆ ನೀಡಲು ತುಂಬಾ ಆಸಕ್ತಿ ಇದೆ. ಎಲ್ಲಿಂದ ಶುರು ಮಾಡಲಿ?’ ಇಂಥ ಹತ್ತು ಸಂದೇಶಗಳನ್ನು ಒಟ್ಟಿಗೆ ಓದಿದರೆ ಹೆಸರು ಬಿಟ್ಟು ಮಿಕ್ಕಿದ್ದೆಲ್ಲ ಒಂದೇ. ಹೆಚ್ಚಿನವಕ್ಕೆ ಉತ್ತರ ಬರುವುದಿಲ್ಲ. ಬರೆದವರು ‘ನನ್ನನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ’ ಎಂದು ಬೇಸರ ಮಾಡಿಕೊಂಡು ಹೊರಟುಹೋಗುತ್ತಾರೆ.

ನಿಜವಾದ ಕಾರಣ ಬೇರೆ ಇದೆ. ಆ ಕಡೆ ಕೂತವರಲ್ಲಿ ಬಹಳಷ್ಟು ಮಂದಿ ಸಂಬಳವಿಲ್ಲದೆ, ಬಿಡುವಿನ ವೇಳೆಯಲ್ಲಿ ಯೋಜನೆ ನೋಡಿಕೊಳ್ಳುವವರು. ‘ಎಲ್ಲಿಂದ ಶುರು ಮಾಡಲಿ’ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಾದರೆ ಅವರು ನಿಮ್ಮನ್ನು ಮೊದಲು ನಾಲ್ಕು ಪ್ರಶ್ನೆ ಕೇಳಬೇಕು: ನಿಮಗೆ ನಿಜಕ್ಕೂ ಏನು ಬರುತ್ತದೆ? ನಮ್ಮ ಸಾಫ್ಟ್‌ವೇರ್ ಬಳಸಿದ್ದೀರಾ? ನಿಮ್ಮ ಕಂಪ್ಯೂಟರಿನಲ್ಲಿ ಅದು ಓಡುತ್ತಿದೆಯೇ? ಯಾವ ಹೊತ್ತಿಗೆ ಸಿಗುತ್ತೀರಿ? ಈ ನಾಲ್ಕಕ್ಕೂ ಉತ್ತರ ಮೊದಲೇ ಇರುವಂತೆ ಬರೆದದ್ದೇ ಒಳ್ಳೆಯ ಪರಿಚಯ.

ಒಂದು ಹಳೆಯ ಉದಾಹರಣೆ ನೋಡಿ. 1991ರ ಆಗಸ್ಟ್ 25ರಂದು ಹೆಲ್ಸಿಂಕಿಯ 21 ವರ್ಷದ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್, ಮಿನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್‌ನ ಬಳಕೆದಾರರ ಆನ್‌ಲೈನ್ ಚರ್ಚಾ ಗುಂಪಾದ ನ್ಯೂಸ್‌ಗ್ರೂಪ್‌ನಲ್ಲಿ ಒಂದು ಸಣ್ಣ ಸಂದೇಶ ಹಾಕಿದರು. 386 ಚಿಪ್‌ನ ಯಂತ್ರಗಳಿಗಾಗಿ ಹವ್ಯಾಸಕ್ಕೆ ಒಂದು ಆಪರೇಟಿಂಗ್ ಸಿಸ್ಟಮ್ ಬರೆಯುತ್ತಿದ್ದೇನೆ, ಏಪ್ರಿಲ್‌ನಿಂದ ಕೆಲಸ ನಡೆದಿದೆ, ಬ್ಯಾಶ್ 1.08 ಮತ್ತು ಜಿಸಿಸಿ 1.40 ಎಂಬ ಸಲಕರಣೆಗಳು ಅದರ ಮೇಲೆ ಓಡುತ್ತಿವೆ, ಮಿನಿಕ್ಸ್‌ನಲ್ಲಿ ನಿಮಗೆ ಹಿಡಿಸಿದ್ದೇನು, ಹಿಡಿಸದ್ದೇನು ಹೇಳಿ ಎಂಬುದು ಅದರ ಸಾರ. ಕೊನೆಗೆ, ಬೇರೆ ಬಗೆಯ ಯಂತ್ರಗಳಿಗೆ ಇದನ್ನು ಒಯ್ಯಲಾಗದು, ತನ್ನ ಬಳಿ ಇರುವ ಎಟಿ ಹಾರ್ಡ್‌ಡಿಸ್ಕ್ ಬಿಟ್ಟು ಬೇರೆಯದಕ್ಕೆ ಬಹುಶಃ ಎಂದೂ ಒಗ್ಗದು ಎಂದೂ ಬರೆದಿದ್ದರು. ಅದೇ ಮುಂದೆ ಲಿನಕ್ಸ್ ಆಯಿತು. ಆ ಸಂದೇಶದಲ್ಲಿ ಅಂಕಪಟ್ಟಿ ಇಲ್ಲ, ಆಸಕ್ತಿಯ ವರ್ಣನೆ ಇಲ್ಲ. ಏನು ಮಾಡಿದ್ದೇನೆ, ಅದರ ಮಿತಿ ಏನು, ನಿಮ್ಮಿಂದ ಏನು ಬೇಕು, ಇಷ್ಟೇ ಇತ್ತು. ಓದಿದವರಿಗೆ ಉತ್ತರಿಸಲು ಒಂದು ಹಿಡಿ ಸಿಕ್ಕಿತ್ತು.

ಹಂತ 1: ಬರೆಯುವ ಮೊದಲು ಎರಡು ದಿನ ಓದಿ

ಯೋಜನೆಯ ಕೋಡ್ ಇರುವ ಜಾಗದಲ್ಲಿ ‘ಕಾಂಟ್ರಿಬ್ಯೂಟಿಂಗ್’ ಎಂಬ ಹೆಸರಿನ ಕಡತ ಇದೆಯೇ ನೋಡಿ. ಪರಿಚಯ ಎಲ್ಲಿ ಹಾಕಬೇಕು, ಪ್ರಶ್ನೆ ಎಲ್ಲಿ ಕೇಳಬೇಕು ಎಂಬುದು ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಜತೆಗೆ ನಡವಳಿಕೆಯ ನಿಯಮಗಳ ಕಡತವನ್ನೂ ಓದಿ. ಚಾಟ್ ಸಾಫ್ಟ್‌ವೇರ್ ಜುಲಿಪ್‌ನಂಥ ಯೋಜನೆಗಳು ಹೊಸಬರಿಗೆಂದೇ ಚಾನೆಲ್ ಇಟ್ಟಿವೆ. ಅಂಥ ಕಡೆ ಹಿಂದಿನ 20–30 ಪರಿಚಯಗಳನ್ನು ಓದಿ, ಉತ್ತರ ಬಂದದ್ದು ಯಾವುದಕ್ಕೆ, ಬಾರದಿದ್ದದ್ದು ಯಾವುದಕ್ಕೆ ಎಂದು ಹೋಲಿಸಿ. ಅರ್ಧ ಗಂಟೆಯ ಈ ಕೆಲಸದಿಂದ ಕಲಿಯುವುದು ಬಹಳ.

ಎಲ್ಲ ಕಡೆಯೂ ಪರಿಚಯಕ್ಕೆ ಜಾಗ ಇರುವುದಿಲ್ಲ. ಸ್ಟ್ಯಾಕ್ ಓವರ್‌ಫ್ಲೋನಲ್ಲಿ ಪ್ರಶ್ನೆ–ಉತ್ತರ ಬಿಟ್ಟು ಬೇರೇನೂ ಬೇಡ. ಪ್ರಶ್ನೆಯ ಮೊದಲಿನ ನಮಸ್ಕಾರವನ್ನೂ ಕೊನೆಯ ಧನ್ಯವಾದವನ್ನೂ ಅಲ್ಲಿ ಅಳಿಸಿಹಾಕುವುದೇ ರೂಢಿ. ಅದನ್ನು ಅವಮಾನ ಎಂದುಕೊಳ್ಳಬೇಡಿ.

ಹಂತ 2: ಹೆಸರು, ಇಮೇಲ್ ಸರಿಮಾಡಿಕೊಳ್ಳಿ

ಚಾಟ್‌ನಲ್ಲೂ, ಕೋಡ್ ಇಡುವ ತಾಣ ಗಿಟ್‌ಹಬ್‌ನಲ್ಲೂ ಒಂದೇ ಯೂಸರ್‌ನೇಮ್ ಇರಲಿ. ಅದರಲ್ಲಿ ಹುಟ್ಟಿದ ವರ್ಷ, ಮೊಬೈಲ್ ನಂಬರ್ ಬೇಡ. ನಮ್ಮ ಇನಿಷಿಯಲ್‌ಗಳು ಹೊರದೇಶದವರಿಗೆ ಗೊಂದಲ ಹುಟ್ಟಿಸುತ್ತವೆ: ‘ಲಾಸ್ಟ್ ನೇಮ್’ ಖಾನೆಯಲ್ಲಿ ‘ಎಚ್.ಎಂ.’ ಎಂದು ಹಾಕಿದರೆ ಅದನ್ನೇ ಮನೆತನದ ಹೆಸರು ಅಂದುಕೊಂಡು ಹಾಗೇ ಕರೆಯುತ್ತಾರೆ. ‘ನನ್ನನ್ನು ಹೀಗೆ ಕರೆಯಿರಿ’ ಎಂದು ಪರಿಚಯದ ಮೊದಲ ಸಾಲಿನಲ್ಲೇ ಹೇಳಿಬಿಡಿ.

ಇಮೇಲ್ ವಿಷಯದಲ್ಲಿ ಎಚ್ಚರ ಬೇಕು. ಕೋಡ್‌ನ ಬದಲಾವಣೆಗಳ ಲೆಕ್ಕ ಇಡುವ ಗಿಟ್‌ನಲ್ಲಿ ಪ್ರತಿ ಕಮಿಟ್ (ದಾಖಲಿಸಿದ ಬದಲಾವಣೆ) ಜತೆಗೂ ನಿಮ್ಮ ಇಮೇಲ್ ದಾಖಲಾಗುತ್ತದೆ. ಸಾರ್ವಜನಿಕ ಯೋಜನೆಯಾದರೆ ಅದನ್ನು ಯಾರು ಬೇಕಾದರೂ ಓದಬಹುದು, ಒಮ್ಮೆ ಹಲವರ ಕಂಪ್ಯೂಟರಿಗೆ ಇಳಿದ ಮೇಲೆ ಅಳಿಸಲೂ ಆಗದು. ಗಿಟ್‌ಹಬ್ ಸೆಟ್ಟಿಂಗ್ಸ್‌ನ ಇಮೇಲ್ ವಿಭಾಗದಲ್ಲಿ ವಿಳಾಸ ಗೋಪ್ಯವಾಗಿಡುವ ಆಯ್ಕೆ ಇದೆ. ಅದನ್ನು ಆನ್ ಮಾಡಿದರೆ ‘ನೋ ರಿಪ್ಲೈ’ ವಿಳಾಸವೊಂದು ಸಿಗುತ್ತದೆ. ಅದನ್ನೇ ಗಿಟ್‌ನ ಸೆಟ್ಟಿಂಗ್‌ನಲ್ಲೂ ಹಾಕಿಕೊಳ್ಳಿ. ಇದನ್ನು ಮೊದಲ ಕಮಿಟ್‌ಗೂ ಮುಂಚೆ ಮಾಡಬೇಕು.

ಹಂತ 3: ಸಾಫ್ಟ್‌ವೇರ್ ನಿಮ್ಮಲ್ಲಿ ಒಮ್ಮೆ ಓಡಲಿ

ಬಹಳ ಮಂದಿ ಬಿಟ್ಟುಬಿಡುವ ಹಂತ ಇದು, ಪರಿಚಯಕ್ಕೆ ತೂಕ ಬರುವುದೂ ಇದರಿಂದಲೇ. ಕೋಡ್ ಇಳಿಸಿಕೊಂಡು ಕೈಪಿಡಿಯಲ್ಲಿ ಹೇಳಿದಂತೆ ಬಿಲ್ಡ್ ಮಾಡಿ (ಓಡುವ ಪ್ರೋಗ್ರಾಮ್ ಆಗಿ ಕಟ್ಟಿ), ಎಲ್ಲ ಸರಿಯಿದೆಯೇ ಎಂದು ನೋಡುವ ಟೆಸ್ಟ್‌ಗಳನ್ನು ಓಡಿಸಿ. ಪಕ್ಕದಲ್ಲಿ ಒಂದು ನೋಟ್‌ಬುಕ್ ಇರಲಿ: ಆಪರೇಟಿಂಗ್ ಸಿಸ್ಟಮ್ ಯಾವುದು, ಪೈಥಾನ್ ಅಥವಾ ನೋಡ್ (ಜಾವಾಸ್ಕ್ರಿಪ್ಟ್ ಓಡಿಸುವ ಸಾಫ್ಟ್‌ವೇರ್) ಯಾವ ಆವೃತ್ತಿ, ಯಾವ ಹೆಜ್ಜೆಯಲ್ಲಿ ಎಷ್ಟು ಹೊತ್ತು ಹಿಡಿಯಿತು, ಎಲ್ಲಿ ಕೈಕೊಟ್ಟಿತು.

ಕೈಕೊಡುವ ಜಾಗಗಳು ಹೆಚ್ಚುಕಡಿಮೆ ಇವೇ. ಭಾಷೆಯ ಆವೃತ್ತಿ ಯೋಜನೆ ಕೇಳುವುದಕ್ಕಿಂತ ಹಳೆಯದು ಅಥವಾ ತೀರಾ ಹೊಸದು. ವಿಂಡೋಸ್‌ನಲ್ಲಿ ಬಳಕೆದಾರರ ಫೋಲ್ಡರ್ ಹೆಸರಿನ ನಡುವೆ ಖಾಲಿ ಜಾಗ ಇದ್ದು, ಹಳೆಯ ಬಿಲ್ಡ್ ಸಲಕರಣೆಗಳು ಅದನ್ನು ಎರಡು ಹೆಸರು ಎಂದು ಓದಿ ಎಡವುತ್ತವೆ. ಕಾಲೇಜಿನ ವೈಫೈ ಪ್ರಾಕ್ಸಿ ಪ್ಯಾಕೇಜ್‌ಗಳನ್ನು ಇಳಿಸಲು ಬಿಡುವುದಿಲ್ಲ. ಲಿನಕ್ಸ್‌ಗೆಂದೇ ಕೈಪಿಡಿ ಬರೆದ ಯೋಜನೆಯಾದರೆ ವಿಂಡೋಸ್‌ನೊಳಗೇ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್ ಒಳಗೆ ಮಾಡಿ. ಆಗ ಕೋಡ್ ಸಿ ಡ್ರೈವ್‌ನಲ್ಲಿ ಇರಬಾರದು, ಲಿನಕ್ಸ್‌ನ ಹೋಮ್ ಫೋಲ್ಡರ್‌ನಲ್ಲಿ ಇರಲಿ. ಇಲ್ಲದಿದ್ದರೆ ಬಿಲ್ಡ್ ತೀರಾ ನಿಧಾನವಾಗುತ್ತದೆ.

ಬಿಲ್ಡ್ ಆಗದಿದ್ದರೂ ಚಿಂತೆ ಬೇಡ. ‘ಐದನೇ ಹೆಜ್ಜೆಯಲ್ಲಿ ನಿಂತಿದೆ, ಈ ಎರರ್ ಬಂತು, ಈ ಎರಡು ದಾರಿ ನೋಡಿದೆ’ ಎಂಬುದೂ ಗಟ್ಟಿ ಪರಿಚಯವೇ. ಹಳಬರ ಕಂಪ್ಯೂಟರಿನಲ್ಲಿ ಎಲ್ಲವೂ ಎಂದೋ ಸೇರಿಕೊಂಡಿರುತ್ತದೆ, ಕೈಪಿಡಿಯ ತಪ್ಪು ಅವರಿಗೆ ಕಾಣಿಸುವುದಿಲ್ಲ. ಹೊಸದಾಗಿ ಹೆಜ್ಜೆ ಹಾಕುವವರಿಗೆ ಮಾತ್ರ ಕಾಣುತ್ತದೆ.

ಹಂತ 4: ಈಗ ಬರೆಯಿರಿ, ಫೋನಿನ ಒಂದು ಪರದೆಯಷ್ಟು

ಟಿಪ್ಪಣಿ ಬರೆದುಕೊಳ್ಳುವ ಆ್ಯಪ್ ಒಂದರ ಯೋಜನೆ ಅಂದುಕೊಳ್ಳಿ. ಸಂದೇಶ ಇಂಗ್ಲಿಷ್‌ನಲ್ಲಿ ಹೋಗುತ್ತದೆ. ಅದರ ಹುರುಳು ಹೀಗಿರಲಿ (ಯುಟಿಸಿ ಎಂದರೆ ಎಲ್ಲ ದೇಶಗಳವರೂ ಲೆಕ್ಕಕ್ಕೆ ಹಿಡಿಯುವ ಸಾಮಾನ್ಯ ಸಮಯ):

‘ನಮಸ್ಕಾರ. ನಾನು ಸಹನಾ, ಹಾಗೆಯೇ ಕರೆಯಿರಿ. ಇರುವುದು ಹಾಸನದಲ್ಲಿ. ದಿನವೂ ಯುಟಿಸಿ 14:30ರಿಂದ 16:30ರವರೆಗೆ ಆನ್‌ಲೈನ್ ಇರುತ್ತೇನೆ. ಒಂದು ವರ್ಷದಿಂದ ಪೈಥಾನ್ ಬರೆಯುತ್ತಿದ್ದೇನೆ. ಲೈಬ್ರರಿಯ ಪುಸ್ತಕ ಹುಡುಕಲು ಮಾಡಿದ ಸಣ್ಣ ಪ್ರೋಗ್ರಾಮಿನ ಲಿಂಕ್ ಇಲ್ಲಿದೆ. ಜಾವಾಸ್ಕ್ರಿಪ್ಟ್ ಓದಿದರೆ ತಿಳಿಯುತ್ತದೆ, ಬರೆದು ರೂಢಿಯಿಲ್ಲ. ನಿಮ್ಮ ಆ್ಯಪನ್ನು ಆರು ತಿಂಗಳಿಂದ ಬಳಸುತ್ತಿದ್ದೇನೆ. ನಿನ್ನೆ ಉಬುಂಟು 24.04ರಲ್ಲಿ ಬಿಲ್ಡ್ ಮಾಡಿದೆ. 212 ಟೆಸ್ಟ್‌ಗಳಲ್ಲಿ 210 ಪಾಸಾದವು, ದಿನಾಂಕದ ಎರಡು ಫೇಲ್ ಆದವು. ಕೈಪಿಡಿಯ ನಾಲ್ಕನೇ ಹೆಜ್ಜೆಯಲ್ಲಿರುವ ಪ್ಯಾಕೇಜಿನ ಹೆಸರು ಈಗ ಬದಲಾಗಿದೆ. ಅದನ್ನು ತಿದ್ದಿ ಕಳಿಸಲೇ, ಅಥವಾ ಆಗಲೇ ಯಾರಾದರೂ ಕೈ ಹಾಕಿದ್ದಾರೆಯೇ?’

ಕೊನೆಯ ಪ್ರಶ್ನೆಗೆ ‘ಹೌದು, ಕಳಿಸಿ’ ಎಂದರೆ ಸಾಕು, ಹತ್ತು ಸೆಕೆಂಡಿನ ಕೆಲಸ. ಆದ್ದರಿಂದಲೇ ಉತ್ತರ ಬರುತ್ತದೆ. ‘ರೂಢಿಯಿಲ್ಲ’ ಎಂಬ ಮಾತೂ ಮುಖ್ಯ. ಎಂಟು ಭಾಷೆಗಳ ಹೆಸರು ಸುರಿದರೆ ಯಾವುದು ಎಷ್ಟು ಬರುತ್ತದೆ ಎಂಬುದು ಯಾರಿಗೂ ತಿಳಿಯದು. ಬಾರದ್ದನ್ನು ಹೇಳಿದವರ ಕೈಗೆ ಸರಿಯಾದ ಕೆಲಸ ಬರುತ್ತದೆ.

ಫೇಲ್ ಆದ ದಿನಾಂಕದ ಟೆಸ್ಟ್‌ಗಳನ್ನು ಗಮನಿಸಿ. ಭಾರತದ ಸಮಯ ಯುಟಿಸಿಗಿಂತ ಐದೂವರೆ ಗಂಟೆ ಮುಂದೆ. ವಲಯಗಳ ನಡುವಿನ ಅಂತರ ಯಾವಾಗಲೂ ಪೂರ್ತಿ ಗಂಟೆಗಳಲ್ಲೇ ಇರುತ್ತದೆ ಎಂದು ನಂಬಿ ಬರೆದ ಕೋಡ್, ಯುರೋಪಿನಲ್ಲಿ ಸರಿಯಾಗಿ ನಡೆದು ನಮ್ಮಲ್ಲಿ ಎಡವುವುದುಂಟು. ನಿಮ್ಮದು ಸಣ್ಣ ಊರಿನ ಹಳೆಯ ಲ್ಯಾಪ್‌ಟಾಪ್ ಆದರೂ ಸರಿ, ಅವರಿಗೆ ಕಾಣದ ತಪ್ಪು ಅದರಲ್ಲಿ ಕಾಣಬಹುದು.

ಕನ್ನಡ ಬರುತ್ತದೆ ಎಂಬುದನ್ನೂ ಮರೆಯದೆ ಬರೆಯಿರಿ. ಅಕ್ಷರ ತೋರಿಸುವ ಯಾವ ಸಾಫ್ಟ್‌ವೇರ್‌ಗೂ ಕನ್ನಡ ಓದಿ ಪರೀಕ್ಷಿಸುವವರು ಬೇಕು. ‘ಸೂರ್ಯ’ದಲ್ಲಿ ಅರ್ಕಾವತ್ತು ಬರಬೇಕು, ‘ರ‍್ಯಾಂಕ್’ನಲ್ಲಿ ರ ಪೂರ್ತಿ ಉಳಿದು ಯ ಒತ್ತಾಗಬೇಕು. ಎರಡನೆಯದಕ್ಕೆ ರ ಆದಮೇಲೆ ಕಣ್ಣಿಗೆ ಕಾಣದ ಜೋಡಕ ಅಕ್ಷರವೊಂದನ್ನು ಸೇರಿಸಬೇಕಾಗುತ್ತದೆ. ಈ ಎರಡು ಪದ ಟೈಪ್ ಮಾಡಿ ನೋಡಿ; ಒಂದು ತಪ್ಪಾಗಿ ಮೂಡಿದರೆ ನಿಮ್ಮ ಮೊದಲ ಬಗ್ ವರದಿ ಸಿಕ್ಕಿತು. ಕನ್ನಡ ಸಾಲು ಕಳಿಸುವಾಗ ಯೂನಿಕೋಡ್‌ನಲ್ಲೇ ಇರಲಿ. ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ್ದು ಬೇರೆಯವರ ಪರದೆಯಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳಾಗುತ್ತದೆ.

ಹಂತ 5: ನಮ್ಮ ಇಂಗ್ಲಿಷ್‌ನ ಕೆಲವು ಪದ ತಿದ್ದಿಕೊಳ್ಳಿ

ಇದು ವ್ಯಾಕರಣದ ಮಾತಲ್ಲ. ತಪ್ಪು ಇಂಗ್ಲಿಷ್ ಬರೆದರೆ ಯಾರೂ ನಗುವುದಿಲ್ಲ, ಅಲ್ಲಿರುವ ಎಷ್ಟೋ ಮಂದಿಗೂ ಇಂಗ್ಲಿಷ್ ಎರಡನೇ ಭಾಷೆಯೇ. ಅರ್ಥವೇ ಬದಲಾಗುವ ಪದಗಳು ಮಾತ್ರ ತೊಂದರೆ ಕೊಡುತ್ತವೆ. ಪ್ರಶ್ನೆ ಇದೆ ಎನ್ನಲು ನಾವು ‘ಡೌಟ್’ ಎನ್ನುತ್ತೇವೆ. ಹೊರಗಿನವರಿಗೆ ಅದು ನಿಮ್ಮ ಕೆಲಸದ ಮೇಲೆ ನನಗೆ ಅನುಮಾನ ಎಂಬಂತೆ ಕೇಳಿಸುತ್ತದೆ. ‘ಕ್ವೆಶ್ಚನ್’ ಎನ್ನಿ. ಕಾಲೇಜು ಮುಗಿಸಿದ್ದಕ್ಕೆ ‘ಪಾಸ್ಡ್ ಔಟ್’ ಎಂದರೆ ಪ್ರಜ್ಞೆ ತಪ್ಪಿತು ಎಂದಾಗುತ್ತದೆ, ‘ಗ್ರಾಜುಯೇಟೆಡ್’ ಸಾಕು. ‘ಡೂ ದ ನೀಡ್‌ಫುಲ್’ ಬಿಟ್ಟು, ಏನು ಮಾಡಬೇಕೋ ಅದನ್ನೇ ಹೇಳಿ.

‘ಸರ್’, ‘ಮೇಡಂ’ ಬೇಡ. ನಮ್ಮಲ್ಲಿ ಅದು ಮರ್ಯಾದೆ ನಿಜ, ಆದರೆ ಈ ಬಳಗಗಳಲ್ಲಿ ಮೂವತ್ತು ವರ್ಷ ಅನುಭವದವರನ್ನೂ ಹೆಸರು ಹಿಡಿದೇ ಕರೆಯುತ್ತಾರೆ. ಅದೂ ಅಲ್ಲದೆ ಪರದೆಯ ಆಚೆ ಇರುವವರು ಗಂಡೋ ಹೆಣ್ಣೋ ನಿಮಗೆ ತಿಳಿದಿರುವುದಿಲ್ಲ. ಹೊತ್ತು ಹೇಳುವಾಗ ‘ಇವತ್ತು ರಾತ್ರಿ’ ಎನ್ನಬೇಡಿ. ನಮ್ಮ ರಾತ್ರಿ 8 ಗಂಟೆಗೆ ಚಳಿಗಾಲದಲ್ಲಿ ಬರ್ಲಿನ್‌ನಲ್ಲಿ ಮಧ್ಯಾಹ್ನ 3:30, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಬೆಳಿಗ್ಗೆ 6:30.

ಹಂತ 6: ಕಳಿಸುವ ಮುನ್ನ ತೆಗೆದುಹಾಕಬೇಕಾದವು

ಫೋನ್ ನಂಬರ್, ರೆಸ್ಯೂಮೆ, ಸಿಜಿಪಿಎ. ಇಡೀ ಬಳಗಕ್ಕೆ ಗಂಟೆ ಬಾರಿಸುವ ‘ಎವ್ರಿವನ್’ ಟ್ಯಾಗ್. ಲಾಗ್ ಕಡತದಲ್ಲಿ ಉಳಿದುಹೋದ ಪಾಸ್‌ವರ್ಡ್, ಎಪಿಐ ಕೀ (ಆನ್‌ಲೈನ್ ಸೇವೆ ಬಳಸಲು ಕೊಡುವ ಗುಟ್ಟಿನ ಸಂಕೇತ). ಕೀ ಒಮ್ಮೆ ಹೊರಗೆ ಬಿದ್ದರೆ ಸಂದೇಶ ಅಳಿಸಿ ಸುಮ್ಮನಾಗಬೇಡಿ. ಆ ಕೀಯನ್ನೇ ರದ್ದುಮಾಡಿ ಹೊಸದು ತೆಗೆದುಕೊಳ್ಳಿ.

ಪರಿಚಯವನ್ನು ಎಐ ಚಾಟ್‌ಬಾಟ್‌ನಿಂದ ಬರೆಸಬೇಡಿ. ಅದು ಕೊಡುವ ಉತ್ಸಾಹದ ವಾಕ್ಯಗಳನ್ನು ಅಲ್ಲಿನವರು ದಿನವೂ ಓದುತ್ತಾರೆ, ಮೊದಲ ಸಾಲಿನಲ್ಲೇ ಗುರುತು ಹಿಡಿಯುತ್ತಾರೆ. ಕಾಗುಣಿತ ತಿದ್ದಿಸಿಕೊಳ್ಳಿ, ತಪ್ಪಿಲ್ಲ. ಕೋಡ್ ವಿಷಯದಲ್ಲಿ ಯೋಜನೆಯ ನಿಯಮ ನೋಡಿ. ಜೆಂಟೂ ಲಿನಕ್ಸ್ 2024ರಲ್ಲೇ ಎಐ ಬರೆದ ಕೊಡುಗೆಗಳನ್ನು ನಿಷೇಧಿಸಿತು.

ಪರಿಚಯದ ಜಾಗದಲ್ಲಿ ಒಂದು ಪದ ಆಚೀಚೆ ಮಾಡಿದ ಪುಲ್ ರಿಕ್ವೆಸ್ಟ್ (ನನ್ನ ತಿದ್ದುಪಡಿ ಸೇರಿಸಿಕೊಳ್ಳಿ ಎಂಬ ಕೋರಿಕೆ) ಕಳಿಸುವುದೂ ಬೇಡ. ಓಪನ್ ಸೋರ್ಸ್‌ಗೆ ಕೊಡುಗೆ ನೀಡಿದವರಿಗೆ ಟೀ ಶರ್ಟ್ ಕೊಡುತ್ತಿದ್ದ ಅಕ್ಟೋಬರ್ ತಿಂಗಳ ಅಭಿಯಾನ ಹ್ಯಾಕ್ಟೋಬರ್‌ಫೆಸ್ಟ್‌ನಲ್ಲಿ 2020ರಲ್ಲಿ ಇಂಥವು ರಾಶಿಯಾಗಿ ಬಂದು, ಯೋಜನೆಗಳ ನಿರ್ವಾಹಕರು ಬೇಸತ್ತು, ಒಪ್ಪಿದ ಯೋಜನೆಗಳಿಗೆ ಮಾತ್ರ ಸ್ಪರ್ಧೆ ಎಂದು ಸಂಘಟಕರು ನಡುವೆಯೇ ನಿಯಮ ಬದಲಿಸಬೇಕಾಯಿತು. ಆ ಸಿಟ್ಟನ್ನು ಪ್ರಾಮಾಣಿಕ ಹೊಸಬರೂ ಉಣ್ಣಬೇಕಾಯಿತು ಎಂಬುದು ನೋವಿನ ಸಂಗತಿ.

ಹಂತ 7: ಕಳಿಸಿದ ಮೇಲೆ

ಎರಡು ದಿನ ಕಾಯಿರಿ. ನಡುವೆ ಶನಿವಾರ–ಭಾನುವಾರ ಬಂದರೆ ನಾಲ್ಕು ದಿನ. ಅದೇ ಸಂದೇಶವನ್ನು ಮೂರು ಚಾನೆಲ್‌ಗಳಲ್ಲಿ ಹಾಕಬೇಡಿ, ನಿರ್ವಾಹಕರಿಗೆ ಖಾಸಗಿಯಾಗಿಯೂ ಕಳಿಸಬೇಡಿ. ಖಾಸಗಿ ಉತ್ತರ ಒಬ್ಬರಿಗಷ್ಟೇ ಸಿಗುತ್ತದೆ, ಎಲ್ಲರೆದುರು ಕೇಳಿದ್ದು ಮುಂದೆ ಬರುವವರಿಗೂ ಉಳಿಯುತ್ತದೆ. ಕಾಯುವ ಹೊತ್ತಿನಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಏನು ಸಿಕ್ಕಿತು ಎಂದು ಅದೇ ಸಂದೇಶದ ಕೆಳಗೆ ಎರಡು ಸಾಲು ಬರೆಯಿರಿ.

ಪ್ರಶ್ನೆ ಇದ್ದರೆ ‘ಯಾರಾದರೂ ಇದ್ದೀರಾ’ ಎಂದು ಕೇಳಿ ಕೂರದೆ ನೇರವಾಗಿ ಕೇಳಿ: ಏನು ಮಾಡಿದೆ, ಏನಾಗಬೇಕಿತ್ತು, ಏನಾಯಿತು. ಎರರ್ ಅನ್ನು ಫೋಟೊ ತೆಗೆದು ಹಾಕಬೇಡಿ, ಅಕ್ಷರವಾಗಿಯೇ ಅಂಟಿಸಿ. ಫೋಟೊದೊಳಗಿನ ಪದವನ್ನು ಹುಡುಕಲಾಗದು, ನಕಲು ಮಾಡಲೂ ಆಗದು. ಬಿಲ್ಡ್‌ನಲ್ಲಿ ನೂರು ಸಾಲು ಎರರ್ ಬಂದರೆ ಸಾಮಾನ್ಯವಾಗಿ ಕಾರಣ ಇರುವುದು ಮೊದಲ ಎರರ್‌ನಲ್ಲಿ, ಉಳಿದವು ಅದರ ಬೆನ್ನಿಗೆ ಬಂದವು. ಪರಿಹಾರ ನಿಮಗೇ ಸಿಕ್ಕರೆ ‘ಸರಿಹೋಯ್ತು’ ಎಂದಷ್ಟೇ ಹೇಳಿ ಬಿಡಬೇಡಿ, ಹೇಗೆ ಸರಿಹೋಯಿತು ಎಂದು ಬರೆಯಿರಿ.

ಕೆಲಸ ಒಪ್ಪಿಕೊಳ್ಳುವಾಗ ಒಂದನ್ನು ಮಾತ್ರ ಒಪ್ಪಿಕೊಳ್ಳಿ. ಜುಲಿಪ್‌ನಲ್ಲಿ ಇದಕ್ಕೆಂದೇ ಒಂದು ಬಾಟ್ ಇದೆ: ‘ಕ್ಲೇಮ್’ ಎಂದರೆ ಆ ಕೆಲಸಕ್ಕೆ ನಿಮ್ಮ ಹೆಸರು ಹಚ್ಚುತ್ತದೆ, ಬಹಳ ದಿನ ಸದ್ದಿಲ್ಲದಿದ್ದರೆ ತೆಗೆಯುತ್ತದೆ. ಬಾಟ್ ಇಲ್ಲದ ಕಡೆ ಆ ಜವಾಬ್ದಾರಿ ನಿಮ್ಮದೇ. ಸೆಮಿಸ್ಟರ್ ಪರೀಕ್ಷೆ ಬಂತು, ಮನೆಯಲ್ಲಿ ತೊಂದರೆಯಾಯಿತು, ಯಾವುದೇ ಇರಲಿ, ‘ಇನ್ನು ಮೂರು ವಾರ ನನ್ನಿಂದಾಗದು, ಬೇರೆಯವರು ತೆಗೆದುಕೊಳ್ಳಬಹುದು, ಇಲ್ಲಿಯವರೆಗೆ ಮಾಡಿದ್ದು ಈ ಲಿಂಕ್‌ನಲ್ಲಿದೆ’ ಎಂದು ಬರೆದು ಹೊರಡಿ. ಮೂರು ವಾರದ ನಂತರ ಅದೇ ಸಂದೇಶದ ಕೆಳಗೆ ‘ಬಂದೆ’ ಎಂದರೆ ಸಾಕು, ಮತ್ತೆ ಪರಿಚಯ ಹೇಳಿಕೊಳ್ಳಬೇಕಾಗಿಲ್ಲ.